ಪಾಕಿಸ್ತಾನ ಗ್ರೇ ಲಿಸ್ಟ್‌ನಿಂದ ಹೊರಗ ಬಂತು, ಪಹಲ್ಗಾಮ್ ಆತು. ಈ ಎಫ್‌ಎಟಿಎಫ್, ಠರಾವು, ಸಮ್ಮೇಳನದಿಂದ ಖರೇನ ಏನರೆ ಆಗ್ಯದೇನ್ರಿ?

ಗುಮ್ಮಟನಗರಿ_ಹುಡುಗ (ವಿಜಯಪುರ)

ಎಲ್ಲಾರ್ಗೂ ನಮಸ್ಕಾರ್ರಿ. ವಿಜಯಪುರದಾಗ ಕೆಎಎಸ್‌ಗೆ ಓದ್ಲಿಕತ್ತೀನಿ. ನೋಟ್ಸ್‌ದಾಗ ಉಗ್ರರ ಹಣಕಾಸು ತಡಿಯೋ ಚಾಪ್ಟರ್ ಅದ, ವಿಶ್ವಸಂಸ್ಥೆ ಭದ್ರತಾ ಮಂಡಳಿಯ 1999ರ 1267 ಠರಾವು, 2001ರ 1373 ಠರಾವು, ಅಕ್ರಮ ರೊಕ್ಕದ ಮ್ಯಾಲ ಕಣ್ಣಿಡೋ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್, ಎಗ್ಮಾಂಟ್ ಗ್ರೂಪ್, ನೋ ಮನಿ ಫಾರ್ ಟೆರರ್ ಸಮ್ಮೇಳನ, ಎಲ್ಲಾ ಬಾಯಿಪಾಠ ಆಗ್ಯಾವ, ಪರೀಕ್ಷಾಕ್ಕ ಸಾಕು. ನನ್ನ ಡೌಟ್ ಪರೀಕ್ಷಾದ್ದಲ್ಲ.

ಪಾಕಿಸ್ತಾನನ 2018ರ ಜೂನ್‌ದಾಗ ಗ್ರೇ ಲಿಸ್ಟ್‌ಗೆ, ಅಂದ್ರ ಇಂಥ ರೊಕ್ಕ ತಡಿಯೋದ್ರಾಗ ಕೊರತಿ ಇದ್ದ ದೇಶಗಳ ಎಫ್‌ಎಟಿಎಫ್ ಪಟ್ಟಿಗೆ, ಹಾಕಿದ್ರು, 2022ರ ಅಕ್ಟೋಬರ್‌ದಾಗ ತಗದ್ರು. 2025ರ ಏಪ್ರಿಲ್ 22ಕ್ಕ ಪಹಲ್ಗಾಮ್‌ದಾಗ 26 ಮಂದಿನ ಕೊಂದ್ರು. ಮೇ 9ಕ್ಕ, ಗಡಿಯಾಗ ಕ್ಷಿಪಣಿ ಹಾರಾಡೋ ಹೊತ್ತಿನಾಗ, ಐಎಂಎಫ್ ಬೋರ್ಡು ಅದ ಪಾಕಿಸ್ತಾನಕ್ಕ ಸುಮಾರು 100 ಕೋಟಿ ಡಾಲರ್ ಕಂತು ಮಂಜೂರು ಮಾಡ್ತು, ನಮ್ಮವರು ಮತ ಹಾಕದೆ ಹೊರಗ ಉಳದ್ರು ಅಷ್ಟ. ಹಂಗಾದ್ರ ಇಷ್ಟು ದೇಶ ಕೂಡಿ ಮಾಡೋದು ಕಾಗದದ ಕೆಲಸ ಅಷ್ಟೇನಾ? ರೂಮ್‌ಮೇಟ್ ಜೋಡಿ ರಾತ್ರಿ ಪೂರ್ತಿ ಇದ ವಾದ ಆತು, ಬಗೀಹರೀಲಿಲ್ಲ. ಬ್ಯಾಂಕಿನ್ಯಾಗ, ಕೋರ್ಟಿನ್ಯಾಗ, ಮಿಲಿಟರಿಯಾಗ ಇದ್ದವರು ಯಾರರೆ ಇದ್ರ ಬಿಡಿಸಿ ಹೇಳ್ರಿ.

ಒಣಮಾತು_ಬ್ಯಾಡ (ಬೆಳಗಾವಿ)

ಉತ್ತರ ನೀನ ಬರದೀಯಲ್ಲ ತಮ್ಮಾ. ಎಲ್ಲಾ ನಾಟಕ. ಸೂಟು ಹಾಕ್ಕೊಂಡು ಪ್ಯಾರಿಸ್‌ದಾಗ ಕುಂತು ಚಹಾ ಕುಡದು ಫೋಟೋ ತಗಸ್ಕೊಂಡು ಬರೋದು. ಮುಂದಿನ ವರ್ಷ ಬ್ಯಾರೆ ಊರಾಗ ಮತ್ತ ಅದ. ಆ ನೋ ಮನಿ ಫಾರ್ ಟೆರರ್ ನೋಡು, 2018 ಪ್ಯಾರಿಸ್, 2019 ಮೆಲ್ಬರ್ನ್, 2022 ದಿಲ್ಲಿ, 2025 ಮ್ಯೂನಿಕ್. ಟೂರ್ ಪ್ಯಾಕೇಜ್ ಚೊಲೋ ಐತಿ.

ಮುಧೋಳ_ಕ್ಯಾಶಿಯರ್ (ಬಾಗಲಕೋಟಿ)

ಸಹಕಾರಿ ಬ್ಯಾಂಕಿನ್ಯಾಗ ಕಂಪ್ಲಾಯನ್ಸ್ ಕೆಲಸ ನೋಡ್ತೀನ್ರಿ, ಹೆಸರಿಗೆ ಕ್ಯಾಶಿಯರ್ ಅಂತ ಇಟ್ಕೊಂಡೀನಿ ಅಷ್ಟ. ಮೊದಲ ಒಂದು ಗಂಟು ಬಿಡಿಸೂನು. ಐಎಂಎಫ್ ಬ್ಯಾರೆ, ಎಫ್‌ಎಟಿಎಫ್ ಬ್ಯಾರೆ. ಪಾಕಿಸ್ತಾನ ಗ್ರೇ ಲಿಸ್ಟ್‌ದಾಗ ಇದ್ದಾಗನೂ 2019ರಾಗ ಐಎಂಎಫ್ 600 ಕೋಟಿ ಡಾಲರ್ ಸಾಲ ಒಪ್ಪಿತ್ತು. ಹಂಗಾಗಿ ಗ್ರೇ ಲಿಸ್ಟ್‌ದಿಂದ ತಗದ್ರು ಅದಕ್ಕ ಸಾಲ ಸಿಕ್ತು ಅನ್ನೋದು ಕೂಡಂಗಿಲ್ಲ.

ಎಫ್‌ಎಟಿಎಫ್ ಹುಟ್ಟಿದ್ದು 1989ರಾಗ, ಜಿ7 ದೇಶಗಳು ಪ್ಯಾರಿಸ್‌ದಾಗ ಸೇರಿದಾಗ, ಆವಾಗ ಅದರ ಕೆಲಸ ಮಾದಕ ವಸ್ತು ಮಾರಿದ ರೊಕ್ಕ ಬೆಳ್ಳಗ ಮಾಡೋರನ್ನ ಹಿಡಿಯೋದು, ಉಗ್ರರ ಸುದ್ದಿ ಅದರಾಗ ಇರಲೇ ಇಲ್ಲ. 2001ರ ಸೆಪ್ಟೆಂಬರ್ 11 ಆದ ಮ್ಯಾಲೆ ಅಕ್ಟೋಬರ್‌ದಾಗ ಗಡಬಡಿಸಿ ಉಗ್ರರ ಹಣಕಾಸಿಗೆ 8 ವಿಶೇಷ ಶಿಫಾರಸು ಸೇರಿಸಿದ್ರು, 2004ರಾಗ ಒಂಬತ್ತನೇದ್ದು, 2012ರಾಗ ಎಲ್ಲಾ ಕೂಡಿಸಿ 40 ಮಾಡಿದ್ರು. ಭಾರತ ಸದಸ್ಯ ಆಗಿದ್ದು 2010ರಾಗ. ಅದಕ್ಕ ಪೊಲೀಸ್ ಇಲ್ಲ, ಕೋರ್ಟ್ ಇಲ್ಲ, ದಂಡ ಹಾಕೋ ಅಧಿಕಾರ ಇಲ್ಲ. ಇರೋದು ಎರಡು ಪಟ್ಟಿ. ಕಪ್ಪು ಪಟ್ಟಿಯಾಗ ಉತ್ತರ ಕೊರಿಯಾ, ಇರಾನ್, 2022ರಿಂದ ಮ್ಯಾನ್ಮಾರ್. ಬೂದು ಪಟ್ಟಿಗೆ, ಅಂದ್ರ ಗ್ರೇ ಲಿಸ್ಟ್‌ಗೆ, ಬಂದ್ರ ಕಾಯ್ದೆ ಪ್ರಕಾರ ಯಾವ ನಿರ್ಬಂಧನೂ ಇಲ್ಲ. ಆದ್ರ ಹೊರದೇಶದ ಬ್ಯಾಂಕು ಆ ದೇಶದ ಎಲ್‌ಸಿ, ಅಂದ್ರ ವ್ಯಾಪಾರದ ರೊಕ್ಕಕ್ಕ ಬ್ಯಾಂಕು ಕೊಡೋ ಖಾತ್ರಿ ಪತ್ರ, ಬಂತಂದ್ರ ಹತ್ತು ಸಲ ಕೇಳ್ತಾವ, ಕೆಲವು ಬ್ಯಾಂಕು ವ್ಯವಹಾರಾನ ಬ್ಯಾಡ ಅಂತಾವ, ವ್ಯಾಪಾರಿಗೆ ರೊಕ್ಕ ಬರೋದು ತಡ ಆಗ್ತೈತಿ, ಖರ್ಚು ಏರ್ತೈತಿ. ಹೆದರಿಕಿ ಇರೋದು ಅಲ್ಲಿ.

ಪಾಕಿಸ್ತಾನಕ್ಕ 27 ಅಂಶದ ಪಟ್ಟಿ ಕೊಟ್ರು, 2021ರಾಗ ಮತ್ತ 7 ಸೇರಿಸಿದ್ರು. ಅಲ್ಲಿವರೆಗೆ ಲಾಹೋರದಾಗ ಸಭಾ ಮಾಡ್ಕೊಂಡು ಅಡ್ಡಾಡ್ತಿದ್ದ ಲಷ್ಕರ್ ಸ್ಥಾಪಕ ಹಫೀಜ್ ಸಯೀದನ್ನ 2019ರ ಜುಲೈದಾಗ ಹಿಡದ್ರು, 2020ರ ಫೆಬ್ರವರಿಯಾಗ ಅವರದ ಕೋರ್ಟು ಉಗ್ರರ ಹಣಕಾಸಿನ ಕೇಸಿನ್ಯಾಗ ಶಿಕ್ಷಾ ಕೊಡ್ತು. 26/11ರ ಸೂತ್ರಧಾರ ಸಾಜಿದ್ ಮೀರ್ ಸತ್ತಾನ ಅಂತ ಹೇಳಿದ್ರಲ್ಲ, ಸತ್ತವನು ಎದ್ದು ಬಂದು 2022ರಾಗ ಶಿಕ್ಷಾ ಅನುಭವಿಸಾಕ ಹತ್ತಿದ. ಯಾರೂ ಯುದ್ಧ ಮಾಡಿರ್ಲಿಲ್ಲ ಅದಕ್ಕ, ಎಫ್‌ಎಟಿಎಫ್ ತಂಡ ಬಂದು ನೋಡೋದಿತ್ತು ಅಷ್ಟ.

ಒಣಮಾತು_ಬ್ಯಾಡ

ತಂಡ ಬಂದು ನೋಡಿ ಹೋದ ಮ್ಯಾಲೆ? ಅದನ್ನ ಹೇಳ್ರಿ.

ಮುಧೋಳ_ಕ್ಯಾಶಿಯರ್

ಅದ ನಿಜವಾದ ಪ್ರಶ್ನೆ. ಪಟ್ಟಿಯಾಗ ಇರೋತನಕ ಒತ್ತಡ, ಹೊರಗ ಬಂದ ಮ್ಯಾಲೆ ಆ ಹಿಡಿತ ಇಲ್ಲ. ಕೇಸ್ ಹಾಕಿದ್ದೂ ಹಣಕಾಸಿನ ಕಲಮಿನ ಕೆಳಗ, ಮುಂಬೈದಾಗ ಸತ್ತ ಮಂದಿ ಕೇಸಿನ್ಯಾಗ ಅಲ್ಲ, ಇದೂ ಬರದಿಟ್ಕೋರಿ.

ಎಂಎಲ್‌ಐ_ಪೆನ್ಶನ್ (ಬೆಳಗಾವಿ)

ನಾ ಪೆನ್ಶನ್‌ದಾರ ಸಿಪಾಯಿ, ಕ್ಯಾಂಪ್ ಏರಿಯಾದ ಹತ್ರ ಮನಿ ಐತಿ. ಇಷ್ಟೆಲ್ಲಾ ಪ್ಯಾರಿಸ್ ನ್ಯೂಯಾರ್ಕ್ ಮಾತಾಡಾಕ ಹತ್ತೀರಿ, ನಮ್ಮ ಬೆಳಗಾವಿ ಹೆಸರು ಯಾರೂ ತಗೀಲಿಲ್ಲ ಅದಕ್ಕ ಬರೀತೀನಿ. 2008ರ ಡಿಸೆಂಬರ್‌ದಾಗ, 26/11 ಆಗಿ ತಿಂಗಳೂ ತುಂಬಿರ್ಲಿಲ್ಲ, ಚೀನಾದ ಸೇನಾ ಇಲ್ಲಿ ಬಂದಿತ್ತು. ಹ್ಯಾಂಡ್ ಇನ್ ಹ್ಯಾಂಡ್ ಅಂತ ಜಂಟಿ ತಾಲೀಮಿನ ಹೆಸರು, ಅದಕ್ಕೂ ಮೊದಲ 2007ರಾಗ ಅವರ ಕುನ್‌ಮಿಂಗ್‌ದಾಗ ಆಗಿತ್ತು, ಎರಡನೇದ್ದು ನಮ್ಮಲ್ಲಿ. ವಿಷಯ ಏನು ಅಂದ್ರ ಭಯೋತ್ಪಾದನೆ ವಿರುದ್ಧ ಜಂಟಿ ಕಾರ್ಯಾಚರಣೆ. ಕೂಡಿ ಓಡಿದ್ರು, ಕೂಡಿ ಹಗ್ಗ ಹಿಡದು ಇಳದ್ರು, ಕೂಡಿ ಊಟ. ಮರು ವರ್ಷ 2009ರಾಗ ಜೈಶ್ ಮುಖ್ಯಸ್ಥ ಮಸೂದ್ ಅಜರ್ ಹೆಸರು ವಿಶ್ವಸಂಸ್ಥೆ ಪಟ್ಟಿಗೆ ಸೇರಿಸ್ರಿ ಅಂತ ನಾವು ಹೋದ್ರ ಅಡ್ಡ ನಿಂತವರು ಯಾರು? ಅದ ಚೀನಾ.

ಸಿಪಾಯಿ ಮಟ್ಟದಾಗ ಸಹಕಾರ ಸುಲಭ ಐತ್ರಿ, ಸಿಪಾಯಿಗೆ ಸಿಪಾಯಿ ಲಗೂ ತಿಳೀತಾನ. 2022ರಾಗ ಜಪಾನಿನವರು ಧರ್ಮ ಗಾರ್ಡಿಯನ್ ಅನ್ನೋ ಜಂಟಿ ತಾಲೀಮಿಗೆ ಇಲ್ಲೇ ಬೆಳಗಾವಿಗೆ ಬಂದಿದ್ರು, ಮನಿಯೊಳಗ ಹೊಕ್ಕು ಕೋಣಿ ಕ್ಲಿಯರ್ ಮಾಡೋ ಪದ್ಧತಿ ಇಬ್ಬರಿಗೂ ಹೆಚ್ಚೂಕಡಿಮಿ ಒಂದ. ತಾಲೀಮು ಎಲ್ಲಾರೂ ಮಾಡ್ತಾರ. ಸಹಿ ಹಾಕೋ ಮ್ಯಾಜ್ ಮುಂದ ಕುಂತಾಗ ಕೈ ನಡಗ್ತಾವ.

ಗುಮ್ಮಟನಗರಿ_ಹುಡುಗ

ಅಣ್ಣಾರ ಬೆಳಗಾವಿದು ನನಗ ಗೊತ್ತ ಇರ್ಲಿಲ್ಲ, ನೋಟ್ಸ್‌ದಾಗ ಸೇರಿಸ್ಕೊಂಡೆ. ಒಂದು ಕೇಳ್ತೀನಿ, ಚೀನಾ ಒಂದ ದೇಶ ಅಡ್ಡ ನಿಂತ್ರ ಹೆಂಗ ಹತ್ತು ವರ್ಷ ತಡ ಆಗ್ತದ? ವೀಟೋ ಹಾಕಿದ್ರಾ?

ಕರಿಕೋಟು_ಬೆಳಗಾವಿ

ವಕೀಲಿ ಮಾಡ್ತೀನಿ, ಉತ್ತರ ಉದ್ದ ಆಗ್ತೈತಿ, ಸಮಾಧಾನದಿಂದ ಓದ್ರಿ.

ವೀಟೋ ಅಲ್ಲ. ಉಗ್ರರ ಪಟ್ಟಿ ಮಾಡೋ 1267 ಸಮಿತಿ ಒಳಗ ಭದ್ರತಾ ಮಂಡಳಿಯ 15 ದೇಶನೂ ಅದಾವ, ನಿರ್ಣಯ ಆಗ್ಬೇಕಂದ್ರ ಎಲ್ಲಾರೂ ಒಪ್ಪಬೇಕು. ಯಾರರೆ ಒಬ್ಬರು "ಇನ್ನಾ ಸ್ವಲ್ಪ ಪರಿಶೀಲನೆ ಬೇಕು" ಅಂತ ತಾಂತ್ರಿಕ ತಡೆ ಹಾಕಿದ್ರ ಕಡತ ಅಲ್ಲೇ ಕೂಡ್ತೈತಿ, ಆರು ತಿಂಗಳು, ಮ್ಯಾಲೆ ಮೂರು ತಿಂಗಳು ಎಳೀಬಹುದು, ಆಮ್ಯಾಗ ಪೂರಾ ತಿರಸ್ಕರಿಸಬಹುದು. ಕಾರಣ ಬಹಿರಂಗ ಹೇಳಬೇಕು ಅಂತಿಲ್ಲ. ಬಾಗಿಲು ಹಾಕ್ಕೊಂಡು ನಡಿಯೋ ಸಭಾ ಅದು. ಅಜರ್ ವಿಷಯಕ್ಕ 2009, 2016, 2017, 2019ರ ಮಾರ್ಚ್, ಹಿಂಗ ನಾಕು ಸಲ ನಿಂತಿತ್ತು. ಪುಲ್ವಾಮಾ ಆದ ಮ್ಯಾಲೆ ಅಮೆರಿಕಾ, ಬ್ರಿಟನ್, ಫ್ರಾನ್ಸ್ ಕೂಡಿ ಇದನ್ನ ಮಂಡಳಿಯ ಬಹಿರಂಗ ಸಭಾಕ್ಕ ಒಯ್ಯತೀವಿ, ಅಲ್ಲಿ ಎಲ್ಲಾರ ಮುಂದ ಕೈ ಎತ್ತಿ ಬ್ಯಾಡ ಅನ್ರಿ ಅನ್ನೋ ಹಂಗ ಒತ್ತಡ ಹಾಕಿದ್ರು. 2019ರ ಮೇ 1ಕ್ಕ ಚೀನಾ ತಡೆ ಹಿಂದ ತಗೊಂತು, ಅಜರ್ ಹೆಸರು ಪಟ್ಟಿಗೆ ಬಂತು. ಮುಚ್ಚಿದ ಕೋಣ್ಯಾಗ ಬ್ಯಾಡ ಅನ್ನೋದು ಸುಲಭ, ನಾಕು ಮಂದಿ ಮುಂದ ಅನ್ನೋದು ಕಷ್ಟ. ಲಷ್ಕರ್‌ನ ಅಬ್ದುಲ್ ರೆಹಮಾನ್ ಮಕ್ಕಿ ಹೆಸರಿಗೂ 2022ರ ಜೂನ್‌ದಾಗ ತಡೆ ಹಾಕಿದ್ರು, 2023ರ ಜನವರಿಯಾಗ ಪಟ್ಟಿಗೆ ಬಂತು. ಸಾಜಿದ್ ಮೀರ್‌ದು ಅದ 2023ರ ಜೂನ್‌ದಾಗ ಪೂರಾ ನಿಂತ್ತು.

ಈಗ ಮೂಲಕ್ಕ ಬರ್ರಿ. ಉಗ್ರ ಅಂದ್ರ ಯಾರು ಅಂತ ಜಗತ್ತು ಇನ್ನೂ ಒಪ್ಪಿಲ್ಲ. 1996ರಾಗ ಭಾರತನ ವಿಶ್ವಸಂಸ್ಥೆ ಒಳಗ ಸಮಗ್ರ ಒಪ್ಪಂದದ ಕರಡು ಇಟ್ಟಿತು, ಇವತ್ತಿಗೂ ಪಾಸಾಗಿಲ್ಲ. ವಿಮೋಚನಾ ಹೋರಾಟ ಮಾಡೋರನ್ನ ಹೊರಗಿಡ್ರಿ ಅಂತ ಕೆಲವರು, ಸರ್ಕಾರದ ಸೇನಾ ಮಾಡಿದ್ದೂ ಇದರೊಳಗ ಬರಲಿ ಅಂತ ಕೆಲವರು. ಆದ್ರ ಮಜಾ ನೋಡ್ರಿ, ರೊಕ್ಕದ ಮ್ಯಾಲಿನ ಒಪ್ಪಂದ 1999ರಾಗನ ಆತು, 2002ಕ್ಕ ಜಾರಿಗೂ ಬಂತು. ಉಗ್ರ ಯಾರು ಅನ್ನೋದಕ್ಕ ಜಗಳ, ಅವನಿಗೆ ರೊಕ್ಕ ಕೊಡೋದು ತಪ್ಪು ಅನ್ನೋದಕ್ಕ ಒಪ್ಪಿಗಿ. ವಕೀಲನಾಗಿ ನನಗ ಇದು ಬಹಳ ವಿಚಿತ್ರ ಅನಸ್ತೈತಿ, ಆದ್ರ ಕೆಲಸ ನಡದಿರೋದು ಇದರ ಮ್ಯಾಲ ಅಂತನೂ ಹೇಳ್ಬೇಕು.

ಒಣಮಾತು_ಬ್ಯಾಡ

ಕೆಲಸ ನಡದೈತಿ ಅಂತೀರಿ, 26/11ರ ಆರೋಪಿ ರಾಣಾನ್ನ ತರಾಕ ಎಷ್ಟು ವರ್ಷ ಆತು ವಕೀಲ್ರ? ದೋಸ್ತಿ ದೇಶದಿಂದ?

ಕರಿಕೋಟು_ಬೆಳಗಾವಿ

ಕೇಳ್ರಿ ಹಂಗಾರ. ತಹವ್ವುರ್ ರಾಣಾನ್ನ ಅಮೆರಿಕಾದವರು ಹಿಡದಿದ್ದು 2009ರಾಗ. 2011ರಾಗ ಅಲ್ಲಿಯ ಜ್ಯೂರಿ ಲಷ್ಕರ್‌ಗೆ ಸಹಾಯ ಮಾಡಿದ್ದು, ಡೆನ್ಮಾರ್ಕ್ ಪತ್ರಿಕೆ ಮ್ಯಾಲಿನ ಸಂಚು, ಎರಡಕ್ಕೂ ತಪ್ಪಿತಸ್ಥ ಅಂತು, ಮುಂಬೈ ಸಂಚಿನ ಆರೋಪದಿಂದ ಬಿಡ್ತು. 2013ರಾಗ 14 ವರ್ಷ ಶಿಕ್ಷಾ. 2020ರಾಗ ಆರೋಗ್ಯದ ಕಾರಣಕ್ಕ ಬಿಟ್ಟ ಕೂಡ್ಲೆ ನಮ್ಮ ಹಸ್ತಾಂತರದ ಕೋರಿಕೆ ಮ್ಯಾಲ ಮತ್ತ ಹಿಡದ್ರು. ಆಮ್ಯಾಗ ಒಂದೊಂದ ಕೋರ್ಟು ಏರಿ, ಅಲ್ಲಿಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2025ರ ಏಪ್ರಿಲ್ 10ಕ್ಕ ದಿಲ್ಲಿಗೆ ಬಂದ. ಒಪ್ಪಂದ 1997ದ್ದು ಐತಿ, ಆದ್ರೂ ಒಮ್ಮೆ ವಿಚಾರಣೆ ಆದವನನ್ನ ಅದ ಅಪರಾಧಕ್ಕ ಮತ್ತ ವಿಚಾರಣೆ ಮಾಡಬಹುದೇನು ಅನ್ನೋ ವಾದಾನ ವರ್ಷಗಟ್ಟಲೆ ನಡೀತು. ಅವನ ಜೋಡಿ ಸಂಚಿನ್ಯಾಗ ಇದ್ದ ಹೆಡ್ಲಿನ್ನ ಕೊಡಲೇ ಇಲ್ಲ, ತಪ್ಪೊಪ್ಪಿಗೆ ಒಪ್ಪಂದದಾಗ ಹಸ್ತಾಂತರ ಮಾಡಂಗಿಲ್ಲ ಅಂತ ಬರಸ್ಕೊಂಡಿದ್ದ, 2016ರಾಗ ಮುಂಬೈ ಕೋರ್ಟಿಗೆ ವಿಡಿಯೋದಾಗ ಸಾಕ್ಷಿ ಹೇಳಿದ ಅಷ್ಟ.

ಟಿವಿಯವರು ರೆಡ್ ಕಾರ್ನರ್ ನೋಟಿಸ್ ಅಂತ ಒದರ್ತಾರಲ್ಲ, ಅದು ವಾರಂಟ್ ಅಲ್ಲ. 196 ದೇಶದ ಇಂಟರ್‌ಪೋಲ್ ಕಳಿಸೋ ಕೋರಿಕೆ. ಹಿಡೀಬೇಕೋ ಬಿಡಬೇಕೋ ಅನ್ನೋದು ಆಯಾ ದೇಶದ ಕಾಯ್ದೆ.

ಮುಧೋಳ_ಕ್ಯಾಶಿಯರ್

ಮನಷ್ಯಾನ್ನ ತರೋದು ತಡ, ರೊಕ್ಕದ ಸುದ್ದಿ ತರೋದು ಲಗೂ. ನಮ್ಮಂಥ ಸಣ್ಣ ಬ್ಯಾಂಕಿನ್ಯಾಗ ಏನಾಗ್ತೈತಿ ಹೇಳ್ತೀನಿ. ಭದ್ರತಾ ಮಂಡಳಿ ಪಟ್ಟಿ ನ್ಯೂಯಾರ್ಕ್‌ದಾಗ ಬದಲಾದ್ರ ಅದು ವಿದೇಶಾಂಗ ಇಲಾಖೆ, ಗೃಹ ಇಲಾಖೆ, ಆರ್‌ಬಿಐ ಮೂಲಕ ನಮ್ಮ ಮುಧೋಳ ಜಮಖಂಡಿ ಬ್ಯಾಂಕಿಗೂ ಬರ್ತೈತಿ, ದಿನಾ ನಮ್ಮ ಗಿರಾಕಿ ಹೆಸರಿನ ಜೋಡಿ ತಾಳೆ ನೋಡಬೇಕು. ಕೂಡಿದ್ರ ಉಗ್ರ ಚಟುವಟಿಕೆ ತಡಿಯೋ ಕಾಯ್ದೆ ಯುಎಪಿಎದ 51ಎ ಕಲಮಿನ ಕೆಳಗ ಖಾತೆ ನಿಲ್ಲಸ್ಬೇಕು. ಇದಲ್ದೆ ತಿಂಗಳದಾಗ 10 ಲಕ್ಷ ಮೀರಿದ ನಗದು ವ್ಯವಹಾರದ ವರದಿ, ಸಂಶಯ ಬಂದ್ರ ಎಸ್‌ಟಿಆರ್ ಅನ್ನೋ ವರದಿ, 5 ಲಕ್ಷ ಮೀರಿ ಹೊರದೇಶಕ್ಕ ಹೋದ, ಅಲ್ಲಿಂದ ಬಂದ ರೊಕ್ಕದ ವರದಿ, ಎಲ್ಲಾ ದಿಲ್ಲಿಯ ಹಣಕಾಸು ಗುಪ್ತಚರ ಘಟಕ ಎಫ್‌ಐಯುಗೆ ಹೋಗ್ತಾವ. ಅದು 2004ರಾಗ ಶುರು ಆತು, 2007ರಾಗ ಎಗ್ಮಾಂಟ್ ಗ್ರೂಪ್ ಸೇರ್ತು. ಎಗ್ಮಾಂಟ್ ಅಂದ್ರ ಬ್ರಸೆಲ್ಸ್‌ದಾಗಿನ ಒಂದು ಅರಮನಿ ಹೆಸರು, 1995ರಾಗ ಅಲ್ಲಿ ಕುಂತು ಮಾಡಿದ ಸಂಘ. ಈಗ 170ಕ್ಕಿಂತ ಹೆಚ್ಚು ದೇಶದ ಎಫ್‌ಐಯು ಅದಾವ, ಒಬ್ಬರಿಗೊಬ್ಬರು ಗುಪ್ತ ಜಾಲದಾಗ ಕೇಳ್ತಾರ, ಈ ಖಾತೆ ಯಾರ್ದು, ಯಾರು ಯಾರಿಗೆ ಹಾಕ್ಯಾರ ಅಂತ. ಕೋರ್ಟ್ ಸಾಕ್ಷಿ ಆಗಬೇಕಂದ್ರ ಆಮ್ಯಾಗ ಪರಸ್ಪರ ನೆರವಿನ ಒಪ್ಪಂದದ ದಾರಿ ಹಿಡೀಬೇಕು, ಅದು ವಕೀಲ್ರು ಹೇಳಿದ ಕೇಸಿನಂಗ ಎತ್ತಿನ ಗಾಡಿ. ಆದ್ರ ಸುಳಿವು ಸಿಗ್ತೈತಿ, ಅದ ದೊಡ್ಡದು.

ಇದರಾಗ ಫೋಟೋ ಇಲ್ಲ, ಭಾಷಣ ಇಲ್ಲ. ಒಣಮಾತು ಅವ್ರ, ಪ್ಯಾರಿಸ್‌ದಾಗ ಚಹಾ ಕುಡಿಯೋರು ಬರೆದ ಸಾಲು ಕಡೀಕ ನನ್ನ ಟೇಬಲ್ ಮ್ಯಾಲ ಬಂದು ಕೂಡ್ತೈತ್ರಿ, ಮಾರ್ಚ್ ಎಂಡಿಂಗ್‌ದಾಗ ರಾತ್ರಿ ಒಂಬತ್ತಕ್ಕೂ ಮನಿಗೆ ಬಿಡಂಗಿಲ್ಲ.

ಒಣಮಾತು_ಬ್ಯಾಡ

ಸರಿ ಕ್ಯಾಶಿಯರ್ ಸಾಹೇಬ್ರ, ಈಗ ನಾನೂ ಓದ್ಕೊಂಡು ಬಂದೀನಿ. ಸೆಪ್ಟೆಂಬರ್ 11ಕ್ಕ ಎಷ್ಟು ಖರ್ಚಾಗಿತ್ತು? ಅಮೆರಿಕಾದ ಆಯೋಗನ ಹೇಳೇತಿ, 4ರಿಂದ 5 ಲಕ್ಷ ಡಾಲರ್. ಅಷ್ಟ. ವಿಮಾನ ಹೈಜಾಕ್ ಮಾಡಿದವರು ಅಮೆರಿಕಾದ್ದ ಬ್ಯಾಂಕಿನ್ಯಾಗ ತಮ್ಮ ಖರೇ ಹೆಸರಿನ್ಯಾಗ ಖಾತೆ ತಗದಿದ್ರು, ವೈರ್ ಟ್ರಾನ್ಸ್‌ಫರ್ ತಗೊಂಡ್ರು, ಎಟಿಎಂದಾಗ ರೊಕ್ಕ ತಗದ್ರು. ಯಾರಿಗೂ ಸಂಶಯ ಬರ್ಲಿಲ್ಲ. ನಿಮ್ಮ 10 ಲಕ್ಷದ ವರದಿ ಎಳ್ಳಷ್ಟೂ ಉಪಯೋಗ ಇಲ್ಲ. ಚಾಕು ತಗೊಂಡು, ಲಾರಿ ತಗೊಂಡು ಮಂದಿ ಮ್ಯಾಲ ಹಾಯಿಸೋನಿಗೆ ಯಾವ ಫೈನಾನ್ಸ್ ಬೇಕು? ಎಫ್‌ಎಟಿಎಫ್ ತಾನ 2025ರ ಜುಲೈದಾಗ ವರದಿ ಬಿಟ್ಟೈತಿ, ಪುಲ್ವಾಮಾ ಸ್ಫೋಟಕದಾಗಿನ ಅಲ್ಯೂಮಿನಿಯಂ ಪುಡಿ ಅಮೆಜಾನ್‌ದಾಗ ಆರ್ಡರ್ ಮಾಡಿ ತರಿಸಿದ್ದಂತ. 2022ರಾಗ ಗೋರಖನಾಥ ಮಂದಿರದ ಮ್ಯಾಲ ದಾಳಿ ಮಾಡಿದವನು ಪೇಪಾಲ್‌ದಾಗ ಸುಮಾರು 6 ಲಕ್ಷ 70 ಸಾವಿರ ರೂಪಾಯಿ ಐಸಿಸ್ ಕಡಿಯವರಿಗೆ ಹೊರದೇಶಕ್ಕ ಕಳಿಸಿದ್ದ, ತಾನು ಎಲ್ಲಿದ್ದೀನಿ ಅಂತ ಮುಚ್ಚಿಡೋ ವಿಪಿಎನ್ ಹಾಕ್ಕೊಂಡು. ಇದನ್ನ ಯಾವ ಪಟ್ಟಿ ಹಿಡೀತು?

ಮುಧೋಳ_ಕ್ಯಾಶಿಯರ್

ಒಂದು ದಾಳಿ ಖರ್ಚು ಕಡಿಮಿ, ಸಂಘಟನೆ ಖರ್ಚು ಕಡಿಮಿ ಅಲ್ಲ. ಹುಡುಗರನ್ನ ವರ್ಷಗಟ್ಟಲೆ ಸಾಕಬೇಕು, ತರಬೇತಿ, ಮದ್ದು, ಸತ್ತವನ ಮನಿಗೆ ಪಗಾರ, ಪ್ರಚಾರ, ಗಡಿ ದಾಟಸೋರಿಗೆ ಲಂಚ. ಲಾರಿ ಹಾಯಿಸೋ ಒಂಟಿ ಮನಷ್ಯಾನ್ನ ಈ ವ್ಯವಸ್ಥೆ ತಡಿಯಂಗಿಲ್ಲ, ಒಪ್ಪಿದೆ. ಲಷ್ಕರ್‌ನಂಥ ಆಸ್ಪತ್ರಿ, ಮದರಸಾ, ಆಂಬ್ಯುಲೆನ್ಸ್ ನಡಸೋ ಸಂಘಟನೆಗೆ ಖಾತೆ ನಿಂತ್ರ ನೋವಾಗ್ತೈತಿ. ಮತ್ತ ನೀವು ಹೇಳಿದ ಪುಡಿ, ಪೇಪಾಲ್ ಕಥಿ ತನಿಖಾದಾಗ ಹೊರಗ ಬಂದಿದ್ದು ರೊಕ್ಕದ ದಾಖಲೆ ಉಳದಿತ್ತು ಅಂತನ. ನಗದು ಕೊಟ್ಟಿದ್ರ ಅದೂ ಇರ್ತಿರ್ಲಿಲ್ಲ.

ಇಂಡಿ_ಟು_ದುಬೈ

ದುಬೈದಾಗ ಎಲೆಕ್ಟ್ರಿಷಿಯನ್ ಇದ್ದೀನಿ, ಊರು ಇಂಡಿ ತಾಲೂಕು. ನಗದು ಅಂದ್ರಲ್ಲ, ಹವಾಲಾ ಬಗ್ಗೆ ಯಾರೂ ಬಾಯಿ ಬಿಡ್ಲಿಲ್ಲ ಅದಕ್ಕ ನಾ ಬಂದೆ. ಇಲ್ಲಿ ಕೆಲಸದ ಮಂದಿ ಹವಾಲಾ ಯಾಕ ಹಿಡೀತಾರ ಅಂದ್ರ ಉಗ್ರರ ಸಲುವಾಗಿ ಅಲ್ರಿ. ಲೇಬರ್ ಕ್ಯಾಂಪ್ ಊರ ಹೊರಗ ಇರ್ತದ, ಎಕ್ಸ್‌ಚೇಂಜ್ ಹೌಸ್‌ಗೆ ಹೋಗ್ಬೇಕಂದ್ರ ರಜಾ ದಿನ ಸರದಿ ಹಚ್ಚಬೇಕು, ಫೀ ಕೊಡ್ಬೇಕು, ಕಾಗದ ಕೇಳ್ತಾರ. ಹವಾಲಾದವ ರೂಮಿಗೇ ಬರ್ತಾನ, ಇಲ್ಲಿ ದಿರ್ಹಂ ಕೊಟ್ರ ಸಂಜಿಗೆ ಊರಾಗ ಅವ್ವನ ಕೈಯಾಗ ರೂಪಾಯಿ. ಗುರ್ತು ಏನಂದ್ರ ಒಂದು ಹತ್ತು ರೂಪಾಯಿ ನೋಟಿನ ನಂಬರ್. ರೊಕ್ಕ ಗಡಿ ದಾಟೋದ ಇಲ್ಲ, ಇಲ್ಲಿಯವ ಅಲ್ಲಿಯವನ ಲೆಕ್ಕ ಆಮ್ಯಾಲೆ ಬಂಗಾರದಾಗೋ, ಮಾಲಿನ ಬಿಲ್ಲು ಹೆಚ್ಚುಕಡಿಮಿ ಬರದೋ ಚುಕ್ತಾ ಮಾಡ್ಕೋತಾರ. ಅವ್ವಂಗ ಕಳಸಿದ ಐದು ಸಾವಿರದ ಜೋಡಿ ಯಾರ್ಯಾರ ರೊಕ್ಕ ಅದರಾಗ ಕೂಡ್ಯದ ಅನ್ನೋದು ಕಳಸಿದವನಿಗೆ ಗೊತ್ತಿರಂಗಿಲ್ಲ, ಖರೇ ಅಪಾಯ ಇರೋದು ಅಲ್ಲಿ.

ಯುಎಇನ್ನ 2022ರ ಮಾರ್ಚ್‌ದಾಗ ಗ್ರೇ ಲಿಸ್ಟ್‌ಗೆ ಹಾಕಿದ್ರು, ಬಹಳ ಮಂದಿಗೆ ನೆನಪಿಲ್ಲ ಇದು. ದುಬೈನಂಥ ಶ್ರೀಮಂತ ಊರು ನಾಚಿಕಿ ಪಟ್ಕೊಂಡು ಓಡಾಡಿದ್ದು ನಾ ನೋಡೀನಿ. ಬಂಗಾರದ ಅಂಗಡಿಗೂ ರೂಲ್ಸ್, ರಿಯಲ್ ಎಸ್ಟೇಟ್‌ಗೂ ರೂಲ್ಸ್, ನಮ್ಮಂಥವರಿಗೂ ಎಕ್ಸ್‌ಚೇಂಜ್‌ದಾಗ ಪಗಾರ ಚೀಟಿ ತೋರ್ಸ್ರಿ ಅನ್ನಾಕ ಶುರು. 2024ರ ಫೆಬ್ರವರಿಯಾಗ ಹೊರಗ ಬಂತು. ಇಲ್ಲಿ ಹವಾಲಾ ಪೂರಾ ಬಂದ್ ಇಲ್ಲ, ಸೆಂಟ್ರಲ್ ಬ್ಯಾಂಕಿನ್ಯಾಗ ನೋಂದಣಿ ಮಾಡಿಸ್ಕೊಂಡ್ರ ನಡಸಬಹುದು, ನಮ್ಮ ದೇಶದಾಗ ವಿದೇಶಿ ವಿನಿಮಯದ ಕಾಯ್ದೆ ಫೆಮಾ ಪ್ರಕಾರ ಪೂರಾ ಕಾಯ್ದೆಬಾಹಿರ. ಒಂದು ದೇಶದಾಗ ಲೈಸೆನ್ಸು, ಇನ್ನೊಂದು ದೇಶದಾಗ ದಂಡ, ನಡುವ ಫೋನ್ ಕಾಲ್. ಕಳಿಸೋ ಖರ್ಚು ಶೇ 3ಕ್ಕಿಂತ ಕೆಳಗ ತರ್ತೀವಿ 2030ರೊಳಗ ಅಂತ ವಿಶ್ವಸಂಸ್ಥೆ ಗುರಿ ಇಟ್ಕೊಂಡದಲ್ಲ, ಅದನ್ನ ಮೊದಲ ಮಾಡ್ರಿ, ಹವಾಲಾದವನ ಅರ್ಧ ಗಿರಾಕಿ ತಾವ ಬಿಡ್ತಾರ. ಈ ಮಾತು ಯಾವ ಸಮ್ಮೇಳನದವರೂ ಜೋರಾಗಿ ಹೇಳಂಗಿಲ್ಲ.

ಎಂಎಲ್‌ಐ_ಪೆನ್ಶನ್

ಇಂಡಿ ತಮ್ಮಾ, ಇಷ್ಟು ಓದಿದ್ರಾಗ ನಿಂದ ನನಗ ತಿಳೀತು ನೋಡು.

ಕುಪ್ಪಸದಕಣ (ಗುಳೇದಗುಡ್ಡ)

ಇಲ್ಲಿ ಒಂದು ಮಾತು ನಂದೂ ಇರಲಿ. ನೇಕಾರ ಹೆಣ್ಮಕ್ಕಳ ಸಣ್ಣ ಟ್ರಸ್ಟಿನ್ಯಾಗ ಲೆಕ್ಕ ಬರೀತೀನಿ, ಖಣ ನೇಯೋರ ಮಕ್ಕಳ ಫೀಸು, ಕಣ್ಣಿನ ಶಿಬಿರ, ಇಷ್ಟ ನಮ್ಮ ಕೆಲಸ. ದೊಡ್ಡ ಊರಿನ ಒಂದು ಸಂಸ್ಥೆ ಹೊರದೇಶದ ದೇಣಿಗೆಯಾಗ ಸ್ವಲ್ಪ ಭಾಗ ನಮಗ ಕೊಡ್ತಿತ್ತು. 2020ರಾಗ ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎ ತಿದ್ದಿದ್ರು, ಒಂದು ಸಂಸ್ಥೆ ತನಗ ಬಂದ ವಿದೇಶಿ ರೊಕ್ಕನ ಇನ್ನೊಂದು ಸಂಸ್ಥೆಗೆ ಕೊಡಂಗಿಲ್ಲ ಅಂದ್ರು. ಆಡಳಿತ ಖರ್ಚು 50ರಿಂದ ಶೇಕಡಾ 20ಕ್ಕ ಇಳಿಸಿದ್ರು. ನಮ್ಮ ಶಿಬಿರ ಅಲ್ಲಿಗೆ ನಿಂತ್ತು. ಇದಕ್ಕ ಉಗ್ರರ ಹಣಕಾಸು, ದೇಶದ ಭದ್ರತೆ ಅಂತ ಕಾರಣ ಕೊಡ್ತಾರ.

ನಾ ಎಫ್‌ಎಟಿಎಫ್‌ದ ಎಂಟನೇ ಶಿಫಾರಸು ಓದೀನಿ, ಒಂದೊಂದ ಸಾಲು. ಮೊದಲ ಅದರಾಗ ಸೇವಾ ಸಂಸ್ಥೆಗಳು ವಿಶೇಷವಾಗಿ ದುರ್ಬಳಕೆಗೆ ತೆರೆದಾವ ಅನ್ನೋ ಮಾತಿತ್ತು, ಅದನ್ನ 2016ರಾಗ ತಗದ್ರು. 2023ರಾಗ ಮತ್ತ ತಿದ್ದಿ, ಅಪಾಯ ಎಲ್ಲಿ ಐತೋ ಅಲ್ಲಿಗಷ್ಟ ಅಳತಿ ಮೀರದಂಗ ಕ್ರಮ ತಗೋರಿ, ಎಲ್ಲಾ ಸಂಸ್ಥೆಗೂ ಒಂದ ಬಡಿಗಿ ಬೀಸಬ್ಯಾಡ್ರಿ ಅನ್ನೋ ಅರ್ಥದಾಗ ಇನ್ನೂ ಸ್ಪಷ್ಟ ಮಾಡಿದ್ರು. 2024ರ ಸೆಪ್ಟೆಂಬರ್‌ದಾಗ ಭಾರತದ ಮ್ಯಾಲಿನ ಮೌಲ್ಯಮಾಪನ ವರದಿ ಬಂತಲ್ಲ, ಪೇಪರಿನ್ಯಾಗ ಭಾರತಕ್ಕ ಒಳ್ಳೆ ಗ್ರೇಡ್ ಅಂತ ಹೆಡ್ಡಿಂಗ್ ಹಾಕಿದ್ರು, ಖರೇನೂ ಹೌದು, ಆದ್ರ ಅದ ವರದಿಯಾಗ ಸೇವಾ ಸಂಸ್ಥೆಗಳ ವಿಷಯಕ್ಕ ಅಪಾಯ ನೋಡಿ ಕ್ರಮ ತಗೋರಿ, ಅವರ ಜೋಡಿ ಮಾತಾಡ್ರಿ ಅಂತನೂ ಐತಿ. ಕೇಸುಗಳ ವಿಚಾರಣೆ ಮುಗ್ಯೋದು ಬಹಳ ತಡ ಆಗಾಕ ಹತ್ತೇತಿ ಅಂತನೂ ಐತಿ. ಅದನ್ನ ಯಾವ ಪೇಪರ್ ದೊಡ್ಡ ಅಕ್ಷರದಾಗ ಹಾಕ್ತು? ನನಗ ಸಿಟ್ಟಿರೋದು ಎಫ್‌ಎಟಿಎಫ್ ಮ್ಯಾಲಲ್ಲ, ಅದರ ಹೆಸರು ತಗೊಂಡು ತಮಗ ಬೇಕಾದ್ದು ಮಾಡ್ಕೊಳ್ಳೋರ ಮ್ಯಾಲ. ಇದು ನಮ್ಮ ದೇಶದಾಗಷ್ಟ ಅಲ್ಲ, ಬಹಳ ದೇಶದಾಗ ನಡದಿದ್ದಕ್ಕನ ಅವರು ಆ ಶಿಫಾರಸು ತಿದ್ದಬೇಕಾತು.

ಒಣಮಾತು_ಬ್ಯಾಡ

ಅಕ್ಕಾರ, ಬೇಲಿ ಹಾಕಿದ್ದು ತೋಳಕ್ಕ, ಸಿಕ್ಕಿಬಿದ್ದಿದ್ದು ಕುರಿ. ನಾ ಹೇಳಿದ್ದೂ ಇದನ.

ಕುಪ್ಪಸದಕಣ

ನೀವು ಹೇಳಿದ್ದು ಬೇಲಿನ ಬ್ಯಾಡ ಅಂತ. ನಾ ಹೇಳಿದ್ದು ಅದಲ್ಲ.

ಆಲಮಟ್ಟಿ_ಬ್ಯಾಕ್‌ವಾಟರ್

ದೇಣಿಗೆ ಬಂದ್ ಮಾಡಿದ್ದ ಸರಿ. ಒಂದ ಕೋಮಿನವರ ರೊಕ್ಕಾನ ಇದೆಲ್ಲಾ, ಅವರನ್ನ [ಉಳಿದ ಭಾಗ ನಿರ್ವಾಹಕರು ತಗದಾರ]

ನಿರ್ವಾಹಕ

ಕೋಮಿನ ಮಾತು ಇಲ್ಲಿ ನಡಿಯಂಗಿಲ್ಲ. ಮುಂದಿನ ಸಲ ಖಾತೆ ಬಂದ್. ವಿಷಯಕ್ಕ ಬರ್ರಿ.

ಗುಮ್ಮಟನಗರಿ_ಹುಡುಗ

ಕ್ಯಾಶಿಯರ್ ಸರ್, ಹೆಸರು ತಾಳೆ ನೋಡ್ತೀವಿ ಅಂದ್ರಲ್ಲ. ನಮ್ಮ ಕಡೆ ಒಂದ ಓಣ್ಯಾಗ ಒಂದ ಹೆಸರಿನವರು ಐದು ಮಂದಿ ಇರ್ತಾರ. ತಪ್ಪು ಮನಷ್ಯಾನ ಖಾತೆ ನಿಂತ್ರ ಏನು ಗತಿ?

ಮುಧೋಳ_ಕ್ಯಾಶಿಯರ್

ಬಹಳ ಸಲ ಹೆಸರು ಕೂಡ್ತೈತಿ, ಖರೇ ಮನಷ್ಯಾ ಇರಂಗಿಲ್ಲ. ಪಟ್ಟಿಯಾಗ ಕೆಲವರ ಹುಟ್ಟಿದ ತಾರೀಖನ ಇಲ್ಲ, ಅಡ್ಡ ಹೆಸರು ಐದಾರು ಇರ್ತಾವ, ಅರಬ್ಬಿ ಹೆಸರನ್ನ ಇಂಗ್ಲಿಷಿನ್ಯಾಗ ಒಬ್ಬೊಬ್ಬರು ಒಂದೊಂದು ನಮೂನಿ ಬರೀತಾರ, ಸಾಫ್ಟ್‌ವೇರ್ ಎಲ್ಲಾದಕ್ಕೂ ಕೆಂಪು ದೀಪ ಹಚ್ತೈತಿ. ನಾವು ಅಪ್ಪನ ಹೆಸರು, ಊರು, ಆಧಾರ್, ಫೋಟೋ ನೋಡಿ ಅಲ್ಲ ಅಂತ ಬರದು ಬಿಡಬೇಕು. ಸಿಬ್ಬಂದಿ ಇದ್ದ ಬ್ಯಾಂಕಿನ್ಯಾಗ ಅವತ್ತ ಮುಗೀತೈತಿ, ಇಲ್ಲದಲ್ಲಿ ಗಿರಾಕಿ ಅಲೀತಾನ. ಇನ್ನೊಂದು ಕಷ್ಟ, ಎಸ್‌ಟಿಆರ್ ಹಾಕೀವಿ ಅಂತ ಗಿರಾಕಿಗೆ ಹೇಳಾಕ ಕಾಯ್ದೆ ಬಿಡಂಗಿಲ್ಲ. ಪಾಪ ಅವ ಕೌಂಟರ್ ಮುಂದ ನಿಂತು ಯಾಕ್ರಿ ಯಾಕ್ರಿ ಅಂತಾನ, ನಾವು ಸಿಸ್ಟಮ್ ಡೌನ್ ಐತಿ ಅಂತ ಮಾರಿ ತಿರಗಸ್ಬೇಕು. ಕೆಲಸದಾಗ ನನಗ ಸೇರದ್ದು ಇದೊಂದ.

ಇನ್ನೊಂದು, ನಮ್ಮ ಜಿಲ್ಲಾದಾಗ ಸಹಕಾರಿ ಬ್ಯಾಂಕು ಆರ್‌ಬಿಐ ಕೆಳಗ ಬರ್ತಾವ, ಓಣಿಗೊಂದು ಇರೋ ಪತ್ತಿನ ಸಂಘ, ಸೌಹಾರ್ದಗಳು ಸಹಕಾರ ಕಾಯ್ದೆ ಕೆಳಗ. ಜಗತ್ತಿನ ರೂಲ್ಸ್ ಎಲ್ಲಾ ನಮ್ಮ ಕೌಂಟರ್‌ಗೆ ಬಂದು ನಿಲ್ತಾವ, ಪಕ್ಕದ ಕೌಂಟರ್‌ಗೆ ಅಷ್ಟ ಬಿಗಿ ಇಲ್ಲ. ಇದನ್ನ ಯಾರರೆ ಕೇಳಬೇಕು.

ಕರಿಕೋಟು_ಬೆಳಗಾವಿ

ತಪ್ಪು ಮನಷ್ಯಾನ ಪ್ರಶ್ನೆಗೆ ಕಾಯ್ದೆ ಏನು ಅಂತ ನಾ ಹೇಳ್ತೀನಿ, ಯಾಕಂದ್ರ ಇದರ ಮ್ಯಾಲ ದೊಡ್ಡ ಜಗಳನ ಆಗೇತಿ. ಸೌದಿ ವ್ಯಾಪಾರಿ ಕಾದಿ ಅನ್ನಾವನ ಹೆಸರು 2001ರಾಗ ವಿಶ್ವಸಂಸ್ಥೆ ಪಟ್ಟಿಗೆ ಬಂತು, ಯುರೋಪದಾಗಿನ ಆಸ್ತಿ ನಿಂತ್ವು. ನನ್ನ ಮ್ಯಾಲ ಏನು ಆರೋಪ ಅಂತ ತಿಳಿಸ್ರಿ ಅಂದ್ರ ಯಾರೂ ತಿಳಿಸ್ಲಿಲ್ಲ. 2008ರಾಗ ಯುರೋಪಿಯನ್ ನ್ಯಾಯಾಲಯ, ಭದ್ರತಾ ಮಂಡಳಿ ಹೇಳ್ತು ಅಂತ ನಮ್ಮ ಮೂಲಭೂತ ಹಕ್ಕು ಬಿಡಾಕ ಬರಂಗಿಲ್ಲ, ಅವನ ಮಾತು ಕೇಳಲೇಬೇಕು ಅಂತು. ಎಲ್ಲಾರೂ ಗಾಬರಿ ಆದ್ರು, ಕೋರ್ಟುಗಳೇ ಹಿಂಗ ಅಂದ್ರ ಪಟ್ಟಿ ಯಾರು ಪಾಲಿಸ್ತಾರ ಅಂತ. ಮರು ವರ್ಷ 1904ನೇ ಠರಾವಿನ್ಯಾಗ ಓಂಬುಡ್ಸ್‌ಪರ್ಸನ್ ಕಚೇರಿ ಮಾಡಿದ್ರು, ಪಟ್ಟಿಯಾಗಿದ್ದವ ಅಲ್ಲಿ ಅರ್ಜಿ ಹಾಕಬಹುದು. ಕಾದಿ ಹೆಸರು 2012ರಾಗ ತಗದ್ರು.

ಅದು ಪಟ್ಟಿಯಾಗ ಖರೇನ ಹೆಸರಿದ್ದವನಿಗೆ. ಬರೇ ಹೆಸರು ಕೂಡಿ ಸಿಕ್ಕೊಂಡವನಿಗೆ ನಮ್ಮಲ್ಲೇ ದಾರಿ ಐತಿ. 51ಎ ಆದೇಶದ ಪ್ರಕಾರ ಲಿಖಿತ ಅರ್ಜಿ, ದಾಖಲೆ ಸಮೇತ, ಬ್ಯಾಂಕಿಗೇ ಕೊಡಬೇಕು. ಬ್ಯಾಂಕು ಎರಡು ಕೆಲಸದ ದಿನದಾಗ ಗೃಹ ಇಲಾಖೆಯ ನೋಡಲ್ ಅಧಿಕಾರಿಗೆ ಕಳಿಸಬೇಕು, ಅವರು ಪರಿಶೀಲನೆ ಮಾಡಿ ತಪ್ಪಾಗೇತಿ ಅಂತ ಕಂಡ್ರ ತಡ ಮಾಡದೆ ಬಿಡುಗಡೆ ಆದೇಶ ಕೊಡಬೇಕು. ಬಾಯಿಲೆ ಹೇಳಬ್ಯಾಡ್ರಿ, ಕೌಂಟರ್ ಮುಂದ ಜಗಳ ಆಡಬ್ಯಾಡ್ರಿ, ಬರದು ಕೊಟ್ಟು ನಕಲಿನ ಮ್ಯಾಲ ಸಿಕ್ಕಾ ಹಾಕಸ್ಕೋರಿ.

ಇಂಡಿ_ಟು_ದುಬೈ

ವಕೀಲ್ರ, ಊರಾಗಿನ ನಮ್ಮ ಚಿಕ್ಕಪ್ಪನ ಖಾತೆಗೆ ಹಿಂಗ ಆಗ್ಯದ ಅಂತ ಮನ್ಯಾಗ ಹೇಳ್ಲಿಕತ್ತಾರ, ಬ್ಯಾಂಕಿನವರು ಕಾರಣ ಹೇಳವಲ್ರು. ಇದು 51ಎನ ಅಂತ ಹೆಂಗ ಗೊತ್ತಾಗ್ತದ?

ಕರಿಕೋಟು_ಬೆಳಗಾವಿ

ಅವರ ಕೆವೈಸಿ ಅವಧಿ ಮುಗದಿರಬಹುದು, ಸೈಬರ್ ಪೊಲೀಸರು ನಿಲ್ಲಿಸಿರಬಹುದು. ಈಗ ಬಹಳ ಖಾತೆ ನಿಲ್ಲೋದು ಆನ್‌ಲೈನ್ ವಂಚನೆ ಕೇಸಿಗೆ, ಉಗ್ರರ ಕಲಮಿಗೆ ಅಲ್ಲ. ಯಾವ ಇಲಾಖೆ, ಯಾವ ಕಲಮು ಅಂತ ಲಿಖಿತ ಕೇಳಸ್ರಿ. ಉತ್ತರ ಬಂದ ಮ್ಯಾಲೆ ನನಗ ಮೆಸೇಜ್ ಹಾಕ್ರಿ, ಇಲ್ಲಿ ಹೆಸರು ಖಾತೆ ನಂಬರ್ ಬರೀಬ್ಯಾಡ್ರಿ.

ಎಂಎಲ್‌ಐ_ಪೆನ್ಶನ್

ಹುಡುಗಾ, ನಿನ್ನ ರೂಮ್‌ಮೇಟ್ ಏನಂತಾನ ಈಗ?

ಗುಮ್ಮಟನಗರಿ_ಹುಡುಗ

ಅವ ಓದಿದ ಅಣ್ಣಾರ. ಪಾಕಿಸ್ತಾನನ ಮತ್ತ ಗ್ರೇ ಲಿಸ್ಟ್‌ಗೆ ಹಾಕ್ತಾರೇನು ಕೇಳು ಅಂದ. ಪಹಲ್ಗಾಮ್ ಆದ ಮ್ಯಾಲೆ ಜೂನ್‌ದಾಗ ಎಫ್‌ಎಟಿಎಫ್ ಖಂಡನೆ ಮಾಡಿ, ರೊಕ್ಕ ಮತ್ತ ಅದನ್ನ ಸಾಗಿಸೋ ದಾರಿ ಇಲ್ಲದೆ ಇಂಥ ದಾಳಿ ಆಗಂಗಿಲ್ಲ ಅಂದದಲ್ಲ, ಅದಕ್ಕ.

ಮುಧೋಳ_ಕ್ಯಾಶಿಯರ್

ಹಾಕಬೇಕಂದ್ರ ಅಲ್ಲಿನೂ ಒಮ್ಮತ ಬೇಕು, 40 ಸದಸ್ಯರಾಗ ಮೂರು ದೇಶ ಗಟ್ಟಿ ಅಡ್ಡ ನಿಂತ್ರ ಕೆಲಸ ಕೆಡ್ತೈತಿ. 2018ರಾಗ ಆಗಿದ್ದು ಚೀನಾ, ಸೌದಿ ಹಿಂದ ಸರದು ಟರ್ಕಿ ಒಂದ ಉಳದಿತ್ತು ಅಂತ. ವರ್ಷಕ್ಕ ಮೂರು ಸಭಾ, ಫೆಬ್ರವರಿ, ಜೂನ್, ಅಕ್ಟೋಬರ್. ಅಷ್ಟ ಅಲ್ಲ, 2025ರ ಜುಲೈ 17ಕ್ಕ ಅಮೆರಿಕಾ, ಪಹಲ್ಗಾಮ್ ದಾಳಿ ಹಿಂದ ಇದ್ದದ್ದು ಅಂತಾರಲ್ಲ, ಲಷ್ಕರ್‌ನ ಆ ಟಿಆರ್‌ಎಫ್‌ನ ಉಗ್ರ ಸಂಘಟನೆ ಅಂತ ಘೋಷಣೆ ಮಾಡೇತಿ, ವಿಶ್ವಸಂಸ್ಥೆ ಪಟ್ಟಿಗೆ ಅದರ ಹೆಸರು ಹೋಗ್ತೈತೇನು ಅನ್ನೋದನ್ನ ನೋಡ್ರಿ, ಮತ್ತ ಅದ ಮುಚ್ಚಿದ ಕೋಣಿ, ಅದ 15 ಮಂದಿ.

ಒಣಮಾತು_ಬ್ಯಾಡ

ಅದರಾಗ ಪಾಕಿಸ್ತಾನನೂ ಒಂದು ಐತಿ ಈಗ, 2025-26ಕ್ಕ ತಾತ್ಕಾಲಿಕ ಸದಸ್ಯ. ಮರೀಬ್ಯಾಡ್ರಿ.

ಮುಧೋಳ_ಕ್ಯಾಶಿಯರ್

ಮರ್ತಿಲ್ಲ.